ಮುಖ ಬಲ್ಲವರು

ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ 1875ರ ಫೆಬ್ರುವರಿ 21ರಂದು ಹುಟ್ಟಿದ ಜೀನ್ ಕಾಲ್ಮಾ ತೀರಿಕೊಂಡದ್ದು 1997ರ ಆಗಸ್ಟ್ 4ರಂದು. 122 ವರ್ಷ 164 ದಿನಗಳ ಆಯುಸ್ಸು. ಕಾಗದಪತ್ರದ ಆಧಾರವಿರುವವರಲ್ಲಿ ಇಷ್ಟು ಕಾಲ ಬದುಕಿದವರು ಇನ್ನೊಬ್ಬರಿಲ್ಲ. ಅವರು ಹೋಗಿ ಎರಡು ದಶಕ ದಾಟಿದ ಮೇಲೆ, 2018ರಲ್ಲಿ, ರಷ್ಯಾದ ಸಂಶೋಧಕರಿಬ್ಬರು ಒಂದು ತಕರಾರು ಎತ್ತಿದರು. 1997ರಲ್ಲಿ ಸತ್ತದ್ದು ಜೀನ್ ಅಲ್ಲವೇ ಅಲ್ಲ, ಅವರ ಮಗಳು ಇವೋನ್; 1934ರಲ್ಲಿ ಮಗಳು ಸತ್ತಳೆಂದು ಬರೆಸಿದಾಗ ನಿಜವಾಗಿ ಸತ್ತವಳು ತಾಯಿ; ಆಸ್ತಿಯ ಮೇಲಿನ ತೆರಿಗೆ ಉಳಿಸಲು ಮಗಳು ತಾಯಿಯ ಹೆಸರು ಹೊತ್ತು 63 ವರ್ಷ ಬಾಳಿದಳು ಎಂಬುದು ಅವರ ವಾದ. ಅದಕ್ಕೆ ಒದಗಿಸಿದ ಆಧಾರಗಳಲ್ಲಿ ಫೋಟೊಗಳೂ ಇದ್ದವು. ಎಳೆಯ ಜೀನಳ ಮುಖ ಹೀಗಿದೆ, ಮುದುಕಿಯ ಮುಖ ಹೀಗಿದೆ, ಎರಡೂ ಒಬ್ಬಳವೇ ಎಂದು ಕೇಳಿದರು. ಕಾಲ್ಮಾ ಬದುಕಿದ್ದಾಗಲೇ ಅವರ ವಯಸ್ಸನ್ನು ಪರಿಶೀಲಿಸಿದ್ದ ಫ್ರಾನ್ಸಿನ ತಜ್ಞರು ಜನಗಣತಿ, ಚರ್ಚಿನ ದಾಖಲೆ, ನೋಟರಿ ಪತ್ರಗಳನ್ನು ಮುಂದಿಟ್ಟು ಈ ವಾದವನ್ನು ತಳ್ಳಿಹಾಕಿದರು. ಎಳವೆಯಲ್ಲಿ ಪಾಠ ಹೇಳಿದವರ ಹೆಸರು, ಮನೆಗೆಲಸದವರ ಹೆಸರು ಮುಂತಾಗಿ ಮಗಳಿಗೆ ತಿಳಿದಿರಲಾರದ ಸಂಗತಿಗಳನ್ನು ಕಾಲ್ಮಾ ಸಂದರ್ಶನಗಳಲ್ಲಿ ಹೇಳಿದ್ದು ಆ ಪರಿಶೀಲನೆಯಲ್ಲಿ ಬಲವಾದ ಸಾಕ್ಷ್ಯವಾಗಿತ್ತು. ತಜ್ಞರ ಮಾತೇ ಇಂದಿಗೂ ನಿಂತಿದೆ. ಈ ಜಗಳದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಒಬ್ಬ ಹೆಂಗಸಿನ ಇಪ್ಪತ್ತರ ಮುಖವನ್ನೂ ನೂರಿಪ್ಪತ್ತರ ಮುಖವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತವರು ಬರಿಯ ಮುಖ ನೋಡಿ ಹೌದೆಂದೂ ಅಲ್ಲವೆಂದೂ ತೀರ್ಮಾನಿಸಲಾಗದೆ ಹೋದರು. ಕೊನೆಗೆ ಮಾತು ಇತ್ಯರ್ಥವಾದದ್ದು ಕಾಗದದಿಂದ ಮತ್ತು ನೆನಪಿನಿಂದ.

ಅಂಥ ಸಂಶಯಕ್ಕೆ ಎಡೆಯಾದದ್ದಾದರೂ ಏಕೆ? ಕಾಲ್ಮಾ ಅವರ ಮಗಳು ಹೋದದ್ದು 1934ರಲ್ಲಿ, ಗಂಡ 1942ರಲ್ಲಿ, ಒಬ್ಬನೇ ಮೊಮ್ಮಗ 1963ರಲ್ಲಿ. ಆಮೇಲೂ ಅವರು 34 ವರ್ಷ ಬದುಕಿದ್ದರು. ವೃದ್ಧಾಶ್ರಮದಲ್ಲಿ ಪತ್ರಕರ್ತರು ಸುತ್ತುವರಿದ ಆ ಕೊನೆಯ ವರ್ಷಗಳಲ್ಲಿ, ಅವರನ್ನು ಮದುವಣಗಿತ್ತಿಯಾಗಿ ಕಂಡವರು ಭೂಮಿಯ ಮೇಲೆ ಒಬ್ಬರೂ ಉಳಿದಿರಲಿಲ್ಲ. ‘ಇವಳು ಅವಳೇ, ನಾನು ಬಲ್ಲೆ’ ಎನ್ನುವ ಒಂದು ಬಾಯಿ ಇದ್ದಿದ್ದರೆ ಮೂಗು, ಗದ್ದಗಳನ್ನು ಅಳೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅತಿ ಮುಪ್ಪಿನಲ್ಲಿ ಮನುಷ್ಯ ಕಳೆದುಕೊಳ್ಳುವುದು ತನ್ನ ಮುಖವನ್ನು ಎಂದು ನಾವು ತಿಳಿದಿದ್ದೇವೆ. ಈ ವಿಷಯವನ್ನು ಬಹಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ನೋಡಿದ ಮೇಲೆ ನನಗೆ ಹಾಗನಿಸುವುದಿಲ್ಲ. ಮುಖ ಬದಲಾಗುತ್ತದೆ, ಅದು ಹುಟ್ಟಿದಂದಿನಿಂದ ನಡೆದ ಕೆಲಸ. ಮುಪ್ಪು ನಿಜವಾಗಿ ಕಸಿದುಕೊಳ್ಳುವುದು ಆ ಮುಖದ ಹಿಂದಿನ ಮುಖಗಳನ್ನು ಬಲ್ಲವರನ್ನು. ಗುರುತು ಎಂಬುದರ ದೊಡ್ಡ ಪಾಲು ನಮ್ಮ ಚರ್ಮದಡಿ ಇರುವುದಿಲ್ಲ, ನಮ್ಮನ್ನು ಕಂಡವರ ಕಣ್ಣಿನಲ್ಲಿರುತ್ತದೆ. ಆ ಕಣ್ಣುಗಳು ಒಂದೊಂದಾಗಿ ಮುಚ್ಚಿದಂತೆಲ್ಲ ಮುದುಕರು ಎಲ್ಲರೆದುರು ಕುಳಿತಿದ್ದೂ ಅಪರಿಚಿತರಾಗುತ್ತ ಹೋಗುತ್ತಾರೆ.

ಮೊದಲು ಮುಖದ ಸಂಗತಿಯನ್ನೇ ನೋಡೋಣ, ಏಕೆಂದರೆ ಅದು ಬದಲಾಗುವ ಬಗೆ ನಾವು ಊಹಿಸುವುದಕ್ಕಿಂತ ಆಳವಾದದ್ದು. ಸುಕ್ಕು ಬರೀ ಮೇಲಿನ ಬರಹ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಪ್ರಾಯ ತುಂಬಿದಲ್ಲಿಂದ ವರ್ಷಕ್ಕೆ ಸುಮಾರು ಶೇಕಡ ಒಂದರಂತೆ ಇಳಿಯುತ್ತದೆ; ಹೆಂಗಸರಲ್ಲಿ ಮುಟ್ಟು ನಿಂತ ಬಳಿಕದ ಕೆಲವು ವರ್ಷ ಈ ಇಳಿತ ಇನ್ನೂ ವೇಗವಾಗಿರುತ್ತದೆ. ಕೆನ್ನೆಯನ್ನು ತುಂಬಿಕೊಂಡಿದ್ದ ಕೊಬ್ಬಿನ ಪದರಗಳು ಕರಗುತ್ತವೆ, ಜಾರುತ್ತವೆ. ಅದರಡಿಯ ಎಲುಬೂ ಸುಮ್ಮನಿರುವುದಿಲ್ಲ: ಕಣ್ಣಿನ ಗೂಡು ಅಗಲವಾಗುತ್ತದೆ, ಮೇಲ್ದವಡೆ ಹಿಂದೆ ಸರಿಯುತ್ತದೆ, ಹಲ್ಲು ಹೋದರೆ ಅವನ್ನು ಹಿಡಿದಿದ್ದ ದವಡೆಯ ಅಂಚು ಸವೆದು ಮೂಗಿಗೂ ಗದ್ದಕ್ಕೂ ನಡುವಿನ ದೂರವೇ ಕುಗ್ಗುತ್ತದೆ. ಬೊಚ್ಚುಬಾಯಿಯ ಅಜ್ಜಿಯರೆಲ್ಲ ಒಂದೇ ತೆರನಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಬೂದು ಬಣ್ಣದ ಉಂಗುರವೊಂದು ಮೂಡುತ್ತದೆ. ಮೂಗಿನ ತುದಿ ಜೋಲುತ್ತದೆ, ಕಿವಿ ಉದ್ದವಾಗುತ್ತದೆ. ಬ್ರಿಟನ್ನಿನ ವೈದ್ಯರೊಬ್ಬರು 206 ಮಂದಿಯ ಕಿವಿ ಅಳೆದು 1995ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕಿವಿ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರು ದೊಡ್ಡದಾಗುತ್ತದೆ. ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರಿಗೂ ತುಸು ಹೆಚ್ಚು. ಅಂದರೆ ಇಪ್ಪತ್ತರಲ್ಲಿದ್ದ ಮುಖದ ಅಳತೆಗಳಲ್ಲಿ ತೊಂಬತ್ತಕ್ಕೆ ಇದ್ದಂತೆಯೇ ಉಳಿಯುವುದು ತೀರಾ ಕಡಿಮೆ.

ಇದರ ಜೊತೆಗೆ ಬದುಕು ತನ್ನ ಕೈಯನ್ನೂ ಸೇರಿಸುತ್ತದೆ. 2012ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿದ ಒಂದು ಫೋಟೊವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. 69 ವರ್ಷದ ಒಬ್ಬ ಟ್ರಕ್ ಚಾಲಕ. 28 ವರ್ಷ ಸರಕು ಸಾಗಿಸುವ ವಾಹನ ಓಡಿಸಿದಾತ. ಅಲ್ಲಿ ಚಾಲಕ ಕೂರುವುದು ಎಡಬದಿಯಲ್ಲಾದ್ದರಿಂದ ಕಿಟಕಿಯ ಗಾಜು ಹಾದು ಬಂದ ಬಿಸಿಲು ಬಿದ್ದದ್ದು ಅವನ ಎಡಗೆನ್ನೆಯ ಮೇಲೆ. ಬಲಭಾಗ ಅರವತ್ತರ ಆಸುಪಾಸಿನ ಗಂಡಸಿನದು. ಎಡಭಾಗದ ಚರ್ಮ ದಪ್ಪಗಾಗಿ, ಗೆರೆಗಳು ಕೊರೆದಂತೆ ಆಳವಾಗಿ, ಕಣ್ಣ ಕೆಳಗೆ ಜೋತುಬಿದ್ದು, ಇಪ್ಪತ್ತು ವರ್ಷ ಹಿರಿಯನೊಬ್ಬನ ಅರ್ಧ ಮುಖವನ್ನು ತಂದು ಅಂಟಿಸಿದಂತಿದೆ. ಒಂದೇ ಮೂಗಿನ ಎರಡು ಬದಿಗೆ ಎರಡು ವಯಸ್ಸು. ನಮ್ಮ ಗದ್ದೆಗಳಲ್ಲಿ, ಕಲ್ಲುಕ್ವಾರಿಗಳಲ್ಲಿ, ರಸ್ತೆ ಕೆಲಸದಲ್ಲಿ ದುಡಿದವರ ಮುಖಕ್ಕೂ ನೆರಳಿನಲ್ಲಿ ಕುಳಿತು ಕಾಗದ ನೋಡಿದವರ ಮುಖಕ್ಕೂ ಇರುವ ವ್ಯತ್ಯಾಸವನ್ನು ವಂಶಕ್ಕೋ ಹಣೆಬರಹಕ್ಕೋ ಹೊರಿಸುವ ಮುನ್ನ ಈ ಚಿತ್ರವನ್ನು ನೆನೆಯಬೇಕು. ವಯಸ್ಸು ಎಂದು ನಾವು ಓದುವುದರಲ್ಲಿ ಎಷ್ಟೋ ಪಾಲು ದುಡಿಮೆ.

ಇಷ್ಟೆಲ್ಲ ಬದಲಾದರೂ ಜೊತೆಗಿದ್ದವರಿಗೆ ಗುರುತು ತಪ್ಪುವುದಿಲ್ಲ. ನಿಕೊಲಸ್ ನಿಕ್ಸನ್ ಎಂಬ ಅಮೆರಿಕದ ಛಾಯಾಗ್ರಾಹಕ 1975ರಲ್ಲಿ ತನ್ನ ಹೆಂಡತಿಯನ್ನೂ ಆಕೆಯ ಮೂವರು ಸೋದರಿಯರನ್ನೂ ಸಾಲಾಗಿ ನಿಲ್ಲಿಸಿ ಒಂದು ಚಿತ್ರ ತೆಗೆದ. ಮರುವರ್ಷದಿಂದ ಅದೇ ಕ್ರಮದಲ್ಲಿ ನಿಲ್ಲಿಸಿ ನಾಲ್ಕು ದಶಕಕ್ಕೂ ಮೀರಿ ವರ್ಷಕ್ಕೊಂದರಂತೆ ತೆಗೆಯುತ್ತ ಬಂದ. ಆ ಸರಣಿಯಲ್ಲಿ ಅಕ್ಕಪಕ್ಕದ ಎರಡು ಚಿತ್ರ ನೋಡಿದರೆ ಏನೂ ಬದಲಾಗಿಲ್ಲ. ಮೊದಲನೆಯದನ್ನೂ ನಲವತ್ತನೆಯದನ್ನೂ ಇಟ್ಟರೆ ಎದೆ ಧಸಕ್ಕೆನ್ನುತ್ತದೆ. ಹಾಗಿದ್ದೂ ಸಾಲಾಗಿ ನೋಡುತ್ತ ಬಂದವರು ಯಾರನ್ನೂ ಕಳೆದುಕೊಳ್ಳುವುದಿಲ್ಲ. ನಾಲ್ವರಲ್ಲಿ ಯಾರು ಯಾರೆಂದು ಕೊನೆಯವರೆಗೂ ಹೇಳಬಲ್ಲರು. ಸಾಕ್ಷಿ ಮಾಡುವ ಕೆಲಸ ಇದೇ. ಅವನು ಅಂದಿನ ಮುಖಕ್ಕೂ ಇಂದಿನ ಮುಖಕ್ಕೂ ಹೋಲಿಕೆ ಹುಡುಕುವುದಿಲ್ಲ, ನಡುವಿನ ದಾರಿಯನ್ನೇ ನೆನಪಿನಲ್ಲಿ ಇಟ್ಟುಕೊಂಡಿರುತ್ತಾನೆ.

ನಡುವಿನ ದಾರಿ ತಪ್ಪಿಹೋದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಈಗ ಊರೂರಲ್ಲಿ ನಡೆಯುವ ಹಳೆಯ ವಿದ್ಯಾರ್ಥಿಗಳ ಸಮ್ಮಿಲನಗಳನ್ನು ನೋಡಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ನಲವತ್ತು, ಐವತ್ತು ವರ್ಷದ ಮೇಲೆ ಗುರುವಂದನೆಗೆಂದು ಸೇರಿದವರು ಮೊದಲ ಎರಡು ನಿಮಿಷ ಪರಸ್ಪರ ಮುಜುಗರದಿಂದ ಕೈ ಮುಗಿಯುತ್ತಾರೆ, ಬಹುವಚನದಲ್ಲಿ ಮಾತಾಡುತ್ತಾರೆ. ಯಾರೋ ಅಡ್ಡಹೆಸರು ಹೇಳಿ ಕೂಗುತ್ತಾರೆ, ಕೂಗಿಸಿಕೊಂಡವರು ನಗುತ್ತಾರೆ, ಆ ನಗುವಿನಲ್ಲಿ ಮೇಲ್ದುಟಿ ಒಂದು ಬದಿಗೆ ಏರಿದ್ದೇ ತಡ, ಬೋಳುತಲೆಯ ಆ ಅಪರಿಚಿತನೊಳಗಿಂದ ಹತ್ತನೆಯ ತರಗತಿಯ ಹುಡುಗ ಎದ್ದು ಬಂದಿರುತ್ತಾನೆ. ಮತ್ತೆ ಆ ದಿನವಿಡೀ ಅವರಿಗೆ ಬೋಳುತಲೆ ಕಾಣುವುದಿಲ್ಲ. ಇದು ಬರೀ ಭಾವುಕತೆಯಲ್ಲ. ಅಮೆರಿಕದಲ್ಲಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 392 ಮಂದಿಗೆ ಅವರ ಶಾಲಾ ದಿನಗಳ ವಾರ್ಷಿಕ ಸಂಚಿಕೆಯ ಫೋಟೊಗಳನ್ನು ಬೇರೆ ಶಾಲೆಯವರ ಫೋಟೊಗಳೊಂದಿಗೆ ಬೆರೆಸಿ ತೋರಿಸಲಾಯಿತು. ಶಾಲೆ ಬಿಟ್ಟು ಮೂವತ್ತೈದು ವರ್ಷವಾದವರೂ ತಮ್ಮ ಸಹಪಾಠಿಗಳ ಮುಖಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತನ್ನು ಸರಿಯಾಗಿ ಗುರುತಿಸಿದರು. ಹೆಸರು ಮಾಸಿದಷ್ಟು ಮುಖ ಮಾಸಿರಲಿಲ್ಲ. ಆ ಮುಖಗಳು ಅವುಗಳ ಯಜಮಾನರ ಮೈಮೇಲೆ ಆ ಹೊತ್ತಿಗೆ ಇರಲೇ ಇಲ್ಲ ಎಂಬುದನ್ನು ಮರೆಯಬಾರದು. ಅವು ಸಹಪಾಠಿಗಳ ತಲೆಯಲ್ಲಿ ಮಾತ್ರ ಜೋಪಾನವಾಗಿದ್ದವು.

ಕರ್ನಾಟಕದ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಹಿಂದಿನ ತಲೆಮಾರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಫೋಟೊ ಎಂಬುದು ಪಟ್ಟಣದ ಸ್ಟುಡಿಯೋಗೆ ಹೋಗಬಲ್ಲವರ ಸೊತ್ತಾಗಿದ್ದ ಕಾಲವದು. ಎಷ್ಟೋ ಹೆಂಗಸರ ಬಾಳಿನ ಮೊದಲ ಫೋಟೊ ತೆಗೆದದ್ದು ಮತದಾರರ ಗುರುತಿನ ಚೀಟಿ ಬಂದಾಗ. ಭಾವಚಿತ್ರವಿರುವ ಆ ಚೀಟಿ ಜಾರಿಗೆ ಬಂದದ್ದು 1993ರಲ್ಲಿ, ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ಆ ಚೀಟಿಯ ಚಿತ್ರ ಹೇಗಿರುತ್ತಿತ್ತು ಎಂಬುದು ನಮ್ಮ ತಲೆಮಾರಿಗೆ ಚೆನ್ನಾಗಿ ನೆನಪಿದೆ: ಹೆಬ್ಬೆರಳಗಲದ ಕಪ್ಪು ಬಿಳುಪು ಚೌಕ, ಹಣೆಯ ಮೇಲೆ ಬೆಳಕು ಹೊಡೆದು ಕುಂಕುಮವೂ ಕಾಣದ ಮಸುಕು, ಕ್ಯಾಮೆರಾದೆದುರು ಹೇಗಿರಬೇಕೆಂದು ತಿಳಿಯದೆ ಬಿಗಿಹಿಡಿದ ತುಟಿ, ಕಿವಿಯವರೆಗೆ ಎಳೆದ ಸೆರಗು. ಅರವತ್ತಾದ ಮೇಲೆ ತೆಗೆಸಿಕೊಂಡ ಆ ಒಂದು ಚೌಕವನ್ನೇ ಅವರು ಹೋದ ಮೇಲೆ ಸ್ಟುಡಿಯೋದವರು ಹಿಗ್ಗಿಸಿ, ರೇಷ್ಮೆ ಸೀರೆ ಉಡಿಸಿ, ಹಿಂದೆ ನೀಲಿ ಬಣ್ಣ ಬಳಿದು, ಕಟ್ಟು ಹಾಕಿ ಕೊಟ್ಟರು. ಗೋಡೆಯ ಮೇಲಿನ ಅಂಥ ಸಾವಿರಾರು ಅಜ್ಜಿಯರಿಗೆ ಯೌವನ ಇತ್ತೆಂಬುದಕ್ಕೆ ಚಿತ್ರದ ಪುರಾವೆ ಏನೂ ಇಲ್ಲ. ಅವರು ನೀರಿಗೆ ಹೋಗುತ್ತಿದ್ದ ನಡಿಗೆ, ಸಿಟ್ಟು ಬಂದಾಗ ಹುಬ್ಬು ಕೂಡುತ್ತಿದ್ದ ಬಗೆ, ಮೂಗುತಿ ಮಿಂಚಿದ್ದು, ಎಲ್ಲವೂ ಜೊತೆಯವರ ಕಣ್ಣಿನಲ್ಲಷ್ಟೇ ಇದ್ದವು. ಓರಗಿತ್ತಿ ಸತ್ತಾಗ, ತಂಗಿ ಸತ್ತಾಗ, ಪಕ್ಕದ ಮನೆಯ ಗೆಳತಿ ಸತ್ತಾಗ ಒಂದೊಂದು ಪ್ರತಿ ಸುಟ್ಟುಹೋಯಿತು.

ಸಾಲುಮರದ ತಿಮ್ಮಕ್ಕ ಇದರ ದೊಡ್ಡ ನಿದರ್ಶನ. ಮಾಗಡಿ ಸೀಮೆಯ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಗಂಡ ಚಿಕ್ಕಯ್ಯನವರೊಂದಿಗೆ ಆಲದ ಸಸಿಗಳನ್ನು ನೆಟ್ಟು, ಬೇಸಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದವರು ಅವರು. ನಾಡಿಗೆ ಅವರ ಮುಖ ಪರಿಚಯವಾದದ್ದು 1990ರ ದಶಕದಲ್ಲಿ, ಎಂಬತ್ತರ ಮೇಲೆ. 2019ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಯವರ ತಲೆ ಮುಟ್ಟಿ ಹರಸಿದ ಮುದಿ ಕೈ, ಸುಕ್ಕುಗಟ್ಟಿದ ನಗುಮುಖ ನಮ್ಮೆಲ್ಲರ ಮನಸ್ಸಿನಲ್ಲಿದೆ. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾವು ಕಳೆದುಕೊಂಡದ್ದು ಆ ಅಜ್ಜಿಯನ್ನು. ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದವಳಾದರೋ ಗಟ್ಟಿಮುಟ್ಟಾದ ಒಬ್ಬ ಹೆಂಗಸು, ಕೂಲಿ ಕೆಲಸ ಮುಗಿಸಿ ಸಂಜೆ ಸಸಿಗೆ ಮುಳ್ಳಿನ ಬೇಲಿ ಕಟ್ಟಿದವಳು. ಆ ಮುಖವನ್ನು ಹತ್ತಿರದಿಂದ ಬಲ್ಲ ಚಿಕ್ಕಯ್ಯನವರು 1991ರಲ್ಲೇ ಹೋಗಿಬಿಟ್ಟಿದ್ದರು. ಕೀರ್ತಿ ಬರುವ ಮೊದಲೇ ಮುಖ್ಯ ಸಾಕ್ಷಿ ಇಲ್ಲವಾಗಿದ್ದರಿಂದ, ನಮ್ಮ ಕಲ್ಪನೆಯಲ್ಲಿ ಆ ಮರಗಳನ್ನು ನೆಟ್ಟವಳೂ ಮುದುಕಿಯೇ ಆಗಿದ್ದಾಳೆ. ಕೆಲಸ ಮಾಡಿದ ಮುಖ ಒಂದು, ಹಾರ ಹಾಕಿಸಿಕೊಂಡ ಮುಖ ಇನ್ನೊಂದು.

ಫೋಟೊ ಇದ್ದವರ ಪಾಡೂ ಬಹಳ ಬೇರೆಯಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನೂರು ದಾಟಿ 1962ರಲ್ಲಿ ತೀರಿಕೊಂಡರು. 1960ರಲ್ಲಿ ಜನ್ಮಶತಮಾನೋತ್ಸವದ ಅಂಚೆ ಚೀಟಿ ಹೊರಬಂದಾಗ ಅವರಿನ್ನೂ ಇದ್ದರು. ತಮ್ಮದೇ ಶತಮಾನೋತ್ಸವದ ಚೀಟಿ ನೋಡುವ ಯೋಗ ಕೆಲವೇ ಮಂದಿಗೆ ಸಿಕ್ಕೀತು. ಎಂಜಿನಿಯರುಗಳ ದಿನದಂದು ನಾವು ಹೂವೇರಿಸುವುದು ಪೇಟ ತೊಟ್ಟ ಆ ವೃದ್ಧರಿಗೆ. ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ತಾನಾಗಿ ತೆರೆದುಕೊಳ್ಳುವ ಗೇಟುಗಳನ್ನು ಅಳವಡಿಸಿದ ನಲವತ್ತರ ಹರೆಯದ ಎಂಜಿನಿಯರನ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಿ ಎಂದರೆ ನಮ್ಮಲ್ಲಿ ಎಷ್ಟು ಜನರಿಗಾದೀತು? 1912ರಿಂದ 1918ರವರೆಗೆ ದಿವಾನರಾಗಿದ್ದವರ ಚುರುಕು, ಹಟ, ಮೇಜಿನಾಚೆಯವರಿಗೆ ಹುಟ್ಟುತ್ತಿದ್ದ ಅಳುಕು ಇವೆಲ್ಲ ಪೇಟದ ಚಿತ್ರದಲ್ಲಿ ಸಿಗುವುದಿಲ್ಲ. ಸಿಗುವುದು ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ, ಮೈಸೂರಿನ ದಿವಾನರನ್ನು ಕುರಿತ ಸಂಪುಟದಲ್ಲಿ, ಏಕೆಂದರೆ ಡಿ.ವಿ.ಜಿ. ಆ ದಿವಾನರನ್ನು ಅವರ ನಡುವಯಸ್ಸಿನಲ್ಲಿ ಕಂಡು ಒಡನಾಡಿದವರು. ಆ ಸಂಪುಟಗಳ ದೊಡ್ಡತನ ನನಗೆ ಕಾಣುವುದು ಅಲ್ಲಿ ಹೆಸರಾಂತರ ಜೊತೆಗೆ ಯಾರಿಗೂ ತಿಳಿಯದ ಪುರೋಹಿತರು, ಗಾಯಕರು, ಮೇಷ್ಟರುಗಳೂ ತಮ್ಮ ಮುಖ ಸಮೇತ ಉಳಿದುಕೊಂಡಿರುವುದರಲ್ಲಿ. ಕನ್ನಡದಲ್ಲಿ ನೆನಪಿನ ಬರಹಕ್ಕೆ ಇಷ್ಟು ಗೌರವ ಬಂದದ್ದು ಅದು ಇಂಥ ಸಾಕ್ಷಿಯ ಕೆಲಸ ಮಾಡಿದ್ದಕ್ಕೆ.

ಒಂದು ಅನ್ಯಾಯವನ್ನೂ ಇಲ್ಲಿ ಹೇಳಲೇಬೇಕು. ಗಂಡಸರಲ್ಲಿ ನಾವು ಮುಪ್ಪಿನ ಮುಖವನ್ನು ಆರಿಸಿ ಗೌರವಿಸುತ್ತೇವೆ. ಗಾಂಧಿ ಎಂದರೆ ಬೊಚ್ಚುಬಾಯಿಯ ನಗು, ಲಂಡನ್ನಿನಲ್ಲಿ ಟೈ ಕಟ್ಟಿದ ಹುಡುಗನಲ್ಲ. ಟಾಗೋರರು ಎಂದರೆ ಬಿಳಿ ಗಡ್ಡ. ಹೆಂಗಸರಲ್ಲಿ, ಅದರಲ್ಲೂ ಚಿತ್ರನಟಿಯರಲ್ಲಿ, ಮುಪ್ಪಿನ ಮುಖವನ್ನು ಒಪ್ಪಿಕೊಳ್ಳುವುದೇ ಇಲ್ಲ. ನಟಿಯೊಬ್ಬರು ಎಂಬತ್ತು ದಾಟಿ ತೀರಿಕೊಂಡರೆ ನಮ್ಮ ಕಣ್ಣು ಹುಡುಕುವುದು ಇಪ್ಪತ್ತೈದರ ಕಪ್ಪು ಬಿಳುಪು ಚಿತ್ರವನ್ನು. ಆಮೇಲಿನ ಅರ್ಧ ಶತಮಾನ ಅವರು ಬದುಕಿಯೇ ಇರಲಿಲ್ಲವೇನೋ ಎಂಬಂತೆ. ಗಂಡಸಿನ ಯೌವನ ಅಳಿಸಿಹೋಗುತ್ತದೆ, ಹೆಂಗಸಿನ ಮುಪ್ಪು ಅಳಿಸಿಹೋಗುತ್ತದೆ. ಎರಡರಲ್ಲೂ ನಡೆದದ್ದು ಒಂದೇ: ಒಬ್ಬರ ಹತ್ತಾರು ಮುಖಗಳಲ್ಲಿ ನಮಗೆ ಬೇಕಾದ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಟ್ಟೆವು.

ಈ ವಾದಕ್ಕೆ ಎದುರುಮಾತು ಇಲ್ಲದಿಲ್ಲ. ಗುರುತಿಗೆ ಸಾಕ್ಷಿಗಳೇಕೆ, ದೇಹವೇ ಸಾಕಲ್ಲ ಎಂದು ಕೇಳಬಹುದು. ಡಿಎನ್‌ಎ ಬದಲಾಗುವುದಿಲ್ಲ, ಕಣ್ಣಿನ ಪಾಪೆಯ ಸುತ್ತಲಿನ ವಿನ್ಯಾಸ ಬಹುಪಾಲು ಹಾಗೇ ಉಳಿಯುತ್ತದೆ, ಬೆರಳಚ್ಚು ಇದೆ, ಆಧಾರ್ ಇದೆ. ನಿಜ. ಆದರೆ ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿನ ಮುಂದೆ ನಿಲ್ಲುವ ಪಿಂಚಣಿದಾರರನ್ನು ನೋಡಿದವರಿಗೆ ಈ ಭರವಸೆಯ ಮಿತಿ ಗೊತ್ತು. ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಒರೆಸಿ ಇಟ್ಟರೂ, ಇನ್ನೊಂದು ಬೆರಳಿಟ್ಟರೂ ಒಪ್ಪುವುದಿಲ್ಲ. ಆ ಕಷ್ಟ ಕಂಡೇ 2021ರಿಂದ ಮುಖ ನೋಡಿ ದೃಢೀಕರಿಸುವ ಏರ್ಪಾಡು ಬಂತು, ಎಂಬತ್ತು ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರಿನಿಂದಲೇ ಸಲ್ಲಿಸಬಹುದೆಂಬ ರಿಯಾಯಿತಿಯೂ ಬಂತು. ಒಳ್ಳೆಯದೇ. ಆದರೂ ಯಂತ್ರ ಹೇಳುವುದು ಇಷ್ಟೆ: ಹೋದ ಸಲ ಬಂದ ದೇಹವೇ ಈ ಸಲವೂ ಬಂದಿದೆ. ಆ ದೇಹ ಯಾರದು, ಅದು ಮೂವತ್ತು ವರ್ಷ ಯಾವ ಶಾಲೆಯಲ್ಲಿ ಗಣಿತ ಹೇಳಿತು, ಯಾವ ಮಳೆಗಾಲದಲ್ಲಿ ಹೊಳೆ ದಾಟಿ ಹೋಯಿತು ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ನಾಳೆ ಡಿಎನ್‌ಎ ಪರೀಕ್ಷೆಯಾಗಿ ಕಾಲ್ಮಾ ಅವರ ವಿವಾದ ಸಂಪೂರ್ಣ ಬಗೆಹರಿದರೂ ತಿಳಿಯುವುದು ಅವರು ತಾಯಿಯೋ ಮಗಳೋ ಎಂಬುದು ಮಾತ್ರ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ತಾನು ಯಾರೆಂಬುದು ಬೇರೆಯವರಿಗೆ ತಿಳಿಯದಿದ್ದರೇನಂತೆ, ತನಗೆ ತಿಳಿದಿದ್ದರಾಯಿತಲ್ಲ. ಎಂಬತ್ತರವರೂ ಒಳಗೆ ತಾವು ಹಿಂದಿನವರೇ ಎನ್ನುತ್ತಾರಲ್ಲ? ಆ ಒಳಗಿನ ದನಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಎಷ್ಟು ಒಂಟಿಯಾಗಿ ನಿಲ್ಲಬಲ್ಲದು ಎಂಬುದನ್ನು ಮರೆಗುಳಿ ರೋಗ ತೋರಿಸುತ್ತದೆ. ಆಲ್ಝೈಮರ್ ಮುಂದುವರಿದ ಕೆಲವರು ಕನ್ನಡಿಯಲ್ಲಿ ಕಂಡ ಮುದಿ ಮುಖವನ್ನು ಬೇರೆ ಯಾರೋ ಎಂದುಕೊಂಡು ಹೆದರುತ್ತಾರೆ. ನೋಡಿಕೊಳ್ಳುವವರು ಕನ್ನಡಿಗೆ ಬಟ್ಟೆ ಮುಚ್ಚುತ್ತಾರೆ. ಅದೇ ಜನ ಮಗನನ್ನು ‘ಅಣ್ಣಾ’ ಎಂದೋ ಗಂಡನ ಹೆಸರಿನಿಂದಲೋ ಕರೆಯುವುದುಂಟು. ಇದು ಅಸಂಬದ್ಧವೆಂದು ಮನೆಯವರು ನೊಂದುಕೊಳ್ಳುತ್ತಾರೆ. ಒಳಹೊಕ್ಕು ನೋಡಿದರೆ ಅದಕ್ಕೆ ಅದರದೇ ತರ್ಕವಿದೆ: ಒಳಗಿನ ‘ನಾನು’ ಮೂವತ್ತರಲ್ಲಿ ನಿಂತಿದ್ದರೆ ಎದುರಿಗಿರುವ ಮೂವತ್ತರ ಗಂಡಸು ಮಗನಾಗಿರಲು ಹೇಗೆ ಸಾಧ್ಯ? ಅಂಥವರ ಕೋಣೆಯ ಬಾಗಿಲಿಗೆ ಅವರ ಎಳೆಯ ವಯಸ್ಸಿನ ಚಿತ್ರ ತೂಗುಹಾಕುವ ಪದ್ಧತಿ ಪಶ್ಚಿಮದ ಹಲವು ಆರೈಕೆ ಮನೆಗಳಲ್ಲಿ ಬೆಳೆದುಬಂದಿದೆ. ಅದರಿಂದ ಅವರು ತಮ್ಮ ಕೋಣೆಯನ್ನು ಗುರುತಿಸುತ್ತಾರೆ ಎಂಬುದು ಒಂದು. ಊಟ ತಂದುಕೊಡುವ ಇಪ್ಪತ್ತೆರಡರ ಹುಡುಗಿ ಬಾಗಿಲಲ್ಲಿ ನಿಂತು ಒಂದು ಕ್ಷಣ ಆ ಚಿತ್ರ ನೋಡಿ ಒಳಗೆ ಬರುತ್ತಾಳೆ ಎಂಬುದು ಅದಕ್ಕಿಂತ ದೊಡ್ಡದು.

ಎಳೆಯರಿಗೆ ಮುದುಕರ ಮುಖಗಳು ಒಂದೇ ತೆರನಾಗಿ ಕಾಣುವುದು ಬರೀ ಉದಾಸೀನವಲ್ಲ. ತಮ್ಮ ವಯಸ್ಸಿನವರ ಮುಖವನ್ನೇ ಮನುಷ್ಯರು ಹೆಚ್ಚು ಚೆನ್ನಾಗಿ ಗುರುತಿಸುತ್ತಾರೆಂಬುದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡುಕೊಂಡ ಸಂಗತಿ. ಮುದಿ ಮುಖದಲ್ಲಿ ಎಳೆಯರು ಮೊದಲು ಓದುವುದು ಮುಗಿಯುತ್ತಿರುವ ಕತೆಯನ್ನು. ಕಾಲ್ಮಾ ಅವರಿಗೆ ತೊಂಬತ್ತಾಗಿದ್ದಾಗ, 1965ರಲ್ಲಿ, ಆರ್ಲಿನ ವಕೀಲರೊಬ್ಬರು ಅವರ ಮನೆಯನ್ನು ಒಂದು ಕರಾರಿನ ಮೇಲೆ ಕೊಂಡರು: ಆಕೆ ಬದುಕಿರುವವರೆಗೆ ತಿಂಗಳಿಗೆ 2,500 ಫ್ರಾಂಕ್, ಸತ್ತ ಮೇಲೆ ಮನೆ ತನ್ನದು. ಆಗ ವಕೀಲರಿಗೆ ನಲವತ್ತೇಳು. ಮೂವತ್ತು ವರ್ಷ ಹಣ ಕಟ್ಟಿ 1995ರಲ್ಲಿ ಅವರೇ ತೀರಿಕೊಂಡರು. ಕಾಲ್ಮಾ ಇನ್ನೂ ಇದ್ದರು. ಎದುರಿನ ಮುಖದಲ್ಲಿ ಉಳಿದ ದಿನಗಳನ್ನು ಎಣಿಸುವ ಈ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ. ಕಳೆದ ದಿನಗಳನ್ನು ಕೇಳುವ ಅಭ್ಯಾಸ ಅಷ್ಟಾಗಿ ಇಲ್ಲ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮೇಲಿದ್ದರು. ಈಗ ಇನ್ನೂ ಹೆಚ್ಚಿದ್ದಾರೆ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿ, ಹುಟ್ಟೂರಿನಿಂದ ದೂರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತ ಹಿರಿಯರ ಮುಖವನ್ನು ಆ ಕಟ್ಟಡದಲ್ಲಿ ಯಾರೂ ಅದರ ಹಿಂದಿನ ರೂಪದಲ್ಲಿ ಕಂಡಿಲ್ಲ.

ನಮ್ಮ ಪರಂಪರೆ ಬಲ್ಲವರು ಇಲ್ಲಿ ಮತ್ತೊಂದು ಮಾತು ತೆಗೆಯುತ್ತಾರೆ. ದೇಹ ಬದಲಾಗುವ ಬಟ್ಟೆ, ಅದರ ಮೇಲಿನ ಮುಖಕ್ಕೆ ಇಷ್ಟೊಂದು ಅಂಟು ಏಕೆ? ತುಮಕೂರು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 1907ರಲ್ಲಿ ವೀರಾಪುರದಲ್ಲಿ ಹುಟ್ಟಿ 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ 111 ವರ್ಷ ಬದುಕಿದರು. 1930ರಲ್ಲಿ ಸನ್ಯಾಸ ಸ್ವೀಕರಿಸಿದಾಗ ಹುಟ್ಟುಹೆಸರಾದ ಶಿವಣ್ಣ ಎಂಬುದನ್ನೂ ಅದರೊಂದಿಗಿನ ಗುರುತನ್ನೂ ಕಳಚಿಟ್ಟರು. ಅವರಿಗೆ ಸಾಕ್ಷಿಗಳ ಕೊರತೆ ಇತ್ತೆಂದು ಯಾರು ಹೇಳಿಯಾರು? ಅಜ್ಜ, ಅಪ್ಪ, ಮೊಮ್ಮಗ ಮೂವರೂ ಅದೇ ಮಠದ ಅನ್ನ ಉಂಡು ಓದಿದ ಮನೆಗಳು ನಾಡಿನಲ್ಲಿವೆ. ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ, ಒಪ್ಪುವುದಿಲ್ಲ. ಸನ್ಯಾಸಿ ಪೂರ್ವಾಶ್ರಮವನ್ನು ಬಿಡುವುದು ತಾನಾಗಿ, ತಿಳಿದು, ದೀಕ್ಷೆಯ ಸಮೇತ. ಬಿಟ್ಟದ್ದರ ಬದಲಿಗೆ ಅವನನ್ನು ಎಂಬತ್ತು ವರ್ಷ ಎಡೆಬಿಡದೆ ನೋಡುವ ಒಂದು ಸಮುದಾಯ ಸಿಗುತ್ತದೆ. ಸಾಮಾನ್ಯ ಮುದುಕ ಏನನ್ನೂ ಬಿಟ್ಟಿರುವುದಿಲ್ಲ. ಅವನನ್ನು ಏಕವಚನದಲ್ಲಿ ಬೈದು ಮಾತಾಡಿಸುತ್ತಿದ್ದ ಅಕ್ಕ ಹೋದಳು, ‘ಲೋ’ ಎನ್ನುತ್ತಿದ್ದ ಗೆಳೆಯ ಹೋದ. ಉಳಿದವರೆಲ್ಲ ‘ನೀವು’, ‘ತಾತ’, ‘ಅಂಕಲ್’ ಎನ್ನುವವರು. ಅವನಿಂದ ಕಿತ್ತುಕೊಂಡದ್ದನ್ನು ವೈರಾಗ್ಯವೆಂದು ಹೊಗಳುವುದು ನ್ಯಾಯವಲ್ಲ.

ಕೊನೆಗೆ ಒಂದು ಮಾತನ್ನು ಹಿರಿಯರೇ ಕೇಳಬಹುದು: ನನ್ನ ಹಳೆಯ ಚಿತ್ರ ತೋರಿಸಿ ‘ಎಷ್ಟು ಚೆನ್ನಾಗಿದ್ದಿರಿ’ ಎನ್ನುವುದು ಈಗಿನ ನನ್ನ ಮುಖಕ್ಕೆ ಮಾಡುವ ಅವಮಾನವಲ್ಲವೇ? ಹಾಗೆ ಹೇಳಿದರೆ ಅವಮಾನವೇ. ಯೌವನದ ಮುಖ ಅಸಲು, ಮುಪ್ಪಿನದು ಅದರ ಹಾಳು ಎಂಬ ಎಣಿಕೆಯಿಂದ ಆಡಿದ ಮಾತದು. ತೊಂಬತ್ತರ ಮುಖವೂ ಅಷ್ಟೇ ಅಸಲು, ಎ. ಎನ್. ಮೂರ್ತಿರಾಯರು ‘ದೇವರು’ ಪ್ರಕಟಿಸಿದ್ದು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ಮತ್ತು ಆ ಪುಸ್ತಕ ಬರೆದದ್ದು ಅವರ ಯೌವನದ ಮುಖವಲ್ಲ. ನಾನು ಕೇಳುವುದು ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿ ಎಂದಲ್ಲ, ಎಲ್ಲವನ್ನೂ ಒಬ್ಬರದೇ ಎಂದು ನೋಡಿ ಎಂದು. ಅದಕ್ಕೆ ಬೇಕಾದ ಕೆಲಸ ತೀರಾ ಸಣ್ಣದು, ಮತ್ತು ಅದಕ್ಕೆ ಗಡುವಿದೆ. ಟ್ರಂಕಿನಲ್ಲಿರುವ ಮದುವೆಯ ಗುಂಪುಚಿತ್ರವನ್ನು, ಅದರಲ್ಲಿರುವವರನ್ನು ಬಲ್ಲ ಕೊನೆಯ ಒಬ್ಬರು ಇರುವಾಗಲೇ ಅವರ ಮುಂದಿಟ್ಟು, ಬೆರಳಿಟ್ಟು ತೋರಿಸುತ್ತ, ಎಡದಿಂದ ಬಲಕ್ಕೆ ಯಾರು ಯಾರೆಂದು ಕೇಳಿ, ಹಿಂಬದಿಯಲ್ಲಿ ಹೆಸರು, ಊರು, ಇಸವಿ ಬರೆಯಬೇಕು. ಇಸವಿ ತಿಳಿಯದಿದ್ದರೆ ಯಾವ ಬರ, ಯಾವ ಜಾತ್ರೆ, ಯಾವ ಮಗು ಹುಟ್ಟಿದ ವರ್ಷ ಎಂದು ಕೇಳಿದರೆ ಹಿಂದಿನವರು ಹೇಳುತ್ತಾರೆ. ಫೋನಿನಲ್ಲಿ ಸ್ಕ್ಯಾನ್ ಮಾಡಿಟ್ಟರೆ ಸಾಲದು. ಹೆಸರಿಲ್ಲದ ಸಾವಿರ ಸ್ಕ್ಯಾನುಗಳಿಗಿಂತ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಮುಂದೆ ಕೆಲಸಕ್ಕೆ ಬರುತ್ತದೆ. ಚಿತ್ರವೇ ಇಲ್ಲದವರ ವಿಷಯದಲ್ಲಿ ಅವರ ತಂಗಿಯನ್ನೋ ನಾದಿನಿಯನ್ನೋ ಹುಡುಕಿಕೊಂಡು ಹೋಗಿ, ಅವರು ಇಪ್ಪತ್ತರಲ್ಲಿ ಹೇಗಿದ್ದರು, ಸಿಟ್ಟು ಬಂದರೆ ಏನು ಮಾಡುತ್ತಿದ್ದರು, ಯಾವ ಹೆಸರಿನಿಂದ ಕೂಗಿದರೆ ತಿರುಗಿ ನೋಡುತ್ತಿದ್ದರು ಎಂದು ಕೇಳಿ ಬರೆದಿಡಬೇಕು.